ಮೂರು ಮಾತ್ರೆಯ ಚಪ್ಪಾಳೆ

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳ ಕೂಗು ಕೇಳುತ್ತಾ ನಿಂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಸಿರುಗುಪ್ಪ ಸಿರುಗುಪ್ಪ ಸಿರುಗುಪ್ಪ. ಕುರುಗೋಡು ಕುರುಗೋಡು. ಬೆರಳು ತಾನಾಗಿ ಎಣಿಸುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಸೊನ್ನೆ ಇದ್ದದ್ದಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. ಸಿರುಗುಪ್ಪ ಐದು ಮಾತ್ರೆ, ಕುರುಗೋಡು ಐದು, ಬಳ್ಳಾರಿಯೂ ಐದು. ರಾರಾವಿ, ಹಚ್ಚೊಳ್ಳಿ ಕೂಡ ಐದೈದೇ. ಕೆಂಚನಗುಡ್ಡವೊಂದು ಏಳಕ್ಕೆ ಹೋಗಿ ಸಾಲು ಕೆಡಿಸುತ್ತದೆ, ಆ ಊರಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಾನು ಹುಟ್ಟಿದ್ದು ಕುರುಗೋಡಿನಲ್ಲಿ, ಸೊಸೆಯಾಗಿ ಹೋದದ್ದು ಸಿರುಗುಪ್ಪಕ್ಕೆ, ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದ್ದು ಬಳ್ಳಾರಿಯಲ್ಲಿ.

ಎಣಿಸುವ ಚಟ ಅಪ್ಪನಿಂದ ಬಂತು. ಸೋಮವಾರದ ಭಜನೆಯಲ್ಲಿ ಅವರು ತಾಳ ಹಾಕುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಒಂದು ಪೆಟ್ಟು ತಪ್ಪಿದರೆ ಹಾಡು ನಿಲ್ಲಿಸದೆಯೇ, ಕೈಯಲ್ಲಿದ್ದ ಕಂಚಿನ ತಾಳದ ಅಂಚಿನಿಂದ ನನ್ನ ಮೊಣಕೈಗೆ ಹೊಡೆಯುತ್ತಿದ್ದರು. ಆ ಹೊಡೆತವೂ ತಾಳಕ್ಕೆ ಸರಿಯಾಗಿಯೇ ಬೀಳುತ್ತಿತ್ತು. ನಾನು ಟೀಚರಾದ ಮೇಲೆ ಯಾರಿಗೂ ಹೊಡೆಯಲಿಲ್ಲ. ಪದ್ಯ ಓದುವಾಗ ಎಡವಿದ ಹುಡುಗಿಯನ್ನು ನಿಲ್ಲಿಸಿ, ಅವಳು ಓದಿದ್ದನ್ನು ಓದಿದ ಹಾಗೆಯೇ ಹಲಗೆಯ ಮೇಲೆ ಬರೆದು, ಲಘು ಗುರು ಗುರುತು ಹಾಕಿ, ಇಲ್ಲಿ ಬಿದ್ದಳು, ಇಲ್ಲಿ ಎದ್ದಳು, ಇಲ್ಲಿ ಮತ್ತೆ ಬಿದ್ದಳು ಎಂದು ತೋರಿಸುತ್ತಿದ್ದೆ. ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಒಳ್ಳೆಯ ಮೇಡಂ ಎಂದು ನನಗೆ ಹೆಸರಿತ್ತು. ಅದು ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಬರೆಯಲು ಕೂತದ್ದು ಇದನ್ನಲ್ಲ. ನನ್ನ ಓರಗಿತ್ತಿಯ ಬಗ್ಗೆ, ಅಂದರೆ ನನ್ನ ಮೈದುನನ ಹೆಂಡತಿಯ ಬಗ್ಗೆ ಬರೆಯಬೇಕು.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರೇ ಹಿಡಿದು ಹೇಳುವಂತಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿಕೆ. ಹೇಳಲೇಬೇಕಾದಾಗ ನಾಲ್ಕು ಸಾಲಿನ ಪದ್ಯ ಕಟ್ಟಿ ಅದರೊಳಗೆ ಹೆಸರು ಇಟ್ಟು ಹೇಳಬೇಕು. ಅದೇ ಒಡಪು. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ, ಹೆಂಗಸರು ನಾಲ್ಕು ಜನ ಸೇರಿದರೆ ಸಾಕು, ಒಬ್ಬೊಬ್ಬರನ್ನೇ ಹಿಡಿದು ಒಡಪು ಹೇಳಿಸುತ್ತಾರೆ. ಸಿರುಗುಪ್ಪದ ನಮ್ಮ ಮನೆಯಲ್ಲಿ ಇದರ ಜೊತೆ ಇನ್ನೊಂದು ರೂಢಿ ಇದೆ. ಸುತ್ತ ಕೂತವರು ಚಪ್ಪಾಳೆ ತಟ್ಟಬೇಕು, ಹೇಳುವವಳು ಆ ಚಪ್ಪಾಳೆಗೆ ಸರಿಯಾಗಿ ಹೇಳಬೇಕು. ಚಪ್ಪಾಳೆ ಎತ್ತಿಕೊಡುವವಳು ಒಬ್ಬಳೇ, ಉಳಿದವರು ಅವಳ ಹಿಂದೆ. ನಾನು ಆ ಮನೆಗೆ ಬಂದ ಎರಡನೇ ವರ್ಷದಿಂದ ಚಪ್ಪಾಳೆ ನನ್ನ ಕೈಗೆ ಬಂತು.

ಅದಕ್ಕೆ ಕಾರಣ ನಾನು ಮದುವೆಯಾಗಿ ಬಂದ ದಿನ ಹೊಸಿಲ ಮೇಲೆ ನಿಂತು ಹೇಳಿದ ಒಡಪು. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದಾಗ, ನಾನು ತಡಬಡಾಯಿಸದೆ ಹೇಳಿದ್ದೆ:

ಕೋಟಿ ಮ್ಯಾಲ ಬಿಸಿಲ ನೋಡ್ರಿ
ಪ್ಯಾಟಿ ತುಂಬ ಧೂಳು ನೋಡ್ರಿ
ಸಾಟಿಯಿಲ್ಲ ನನ್ನ ಮನಿಗಿ
ಮಾಟವಾಗಿ ಇಂಥವರು ಇರಲು

ಇಂಥವರು ಎಂಬಲ್ಲಿ ನಮ್ಮವರ ಹೆಸರು. ಅದು ಮೂರೇ ಮಾತ್ರೆಯದು, ಅವರ ತಮ್ಮನದೂ ಮೂರೇ. ಹೆಸರು ಇಲ್ಲಿ ಬರೆಯುವುದಿಲ್ಲ, ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಸಾಲು ಸಾಲೂ ಮೂರು ಮೂರು ಮಾತ್ರೆಯ ನಾಲ್ಕು ಹೆಜ್ಜೆ, ಎಲ್ಲ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ಬಳ್ಳಾರಿಯ ಕೋಟೆಯನ್ನೂ ಧೂಳನ್ನೂ ಒಡಪಿಗೆ ತಂದವಳು ಇವಳೊಬ್ಬಳೇ ಎಂದು ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದರು. ಅಲ್ಲಿಂದ ನಮ್ಮ ಬಳಗದ ಯಾವ ಮದುವೆಯಾದರೂ ಒಡಪು ಬರೆದುಕೊಡಲು ನನ್ನ ಹತ್ತಿರವೇ ಬರುತ್ತಿದ್ದರು. ನಾನು ಬರೆದುಕೊಡುತ್ತಿದ್ದೆ, ಉಬ್ಬುತ್ತಿದ್ದೆ.

ಮೈದುನನಿಗೆ ರಾರಾವಿಯ ಹೆಣ್ಣು ಗೊತ್ತಾಯಿತು. ಮದುವೆಗೆ ಎಂಟು ದಿನ ಇರುವಾಗ ಅತ್ತೆ ನನ್ನನ್ನು ಸೀರೆ ಕೊಟ್ಟು ಕುಪ್ಪಸದ ಅಳತೆ ತರಲು ಅಲ್ಲಿಗೆ ಕಳಿಸಿದರು. ಹುಡುಗಿಗೆ ಇಪ್ಪತ್ತೊಂದು ವರ್ಷ, ಓದಿದ್ದು ಹತ್ತನೇ ಇಯತ್ತೆ. ತಾಯಿ ಅವಳ ಜೊತೆ ತೆಲುಗಿನಲ್ಲಿ, ತಂದೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಅವಳು ಇಬ್ಬರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು. ಅಳತೆ ಕೊಡುವಾಗ ಸಣ್ಣ ದನಿಯಲ್ಲಿ ಕೇಳಿದಳು.

"ಅಕ್ಕಾರ, ಹೊಸ್ತಿಲ ಮ್ಯಾಲ ನನಗ ಒಡಪು ಹೇಳಸ್ತಾರಂತಲ್ರಿ. ನೀವು ಒಂದು ಕಟ್ಟಿ ಕೊಡ್ರಿ. ಮೊದಲನೇ ದಿನಾನೇ ನಗಿಪಾಟಲ ಆದ್ರ ಹೆಂಗ್ರಿ?"

ನಾನು ಅಲ್ಲೇ ಕೂತು, ಹೊರಗೆ ಕಾಣುತ್ತಿದ್ದ ಹೊಳೆ, ಗದ್ದೆ ನೋಡಿ, ಐದು ನಿಮಿಷದಲ್ಲಿ ಕಟ್ಟಿ ಕೊಟ್ಟೆ. ಮೂರನೇ ಸಾಲು 'ಅತ್ತಿ ಮಾವ ದಾರಿ ಬಿಡ್ರಿ' ಎಂದಿತ್ತು. ಹುಡುಗಿ ಅದನ್ನು ಎರಡು ಸಲ ಬಾಯಲ್ಲಿ ಆಡಿಸಿಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು.

"ಅಕ್ಕಾರ, ಹೊಳಿ, ಬೆಳಿ, ಒಳಗ, ಮೂರು ಕಡಿ ನಾಲಿಗಿ ಒಂದ ಕಡಿ ಮಡಚತೈತ್ರಿ. ಈ ನಡುವಿನ ಸಾಲ್ನ್ಯಾಗ ಮಾತ್ರ ಮಡಚಂಗಿಲ್ಲ. 'ಅಳುಕಲಾರೆ ದಾರಿ ಬಿಡ್ರಿ' ಅಂದ್ರ ಸರಿ ಹೋಗ್ತೈತೇನ್ರಿ?"

ಸರಿ ಹೋಗುತ್ತಿತ್ತು. ಪ್ರಾಸ ಕೂಡುತ್ತಿತ್ತು, ಮಾತ್ರೆ ಒಂದೂ ಹೆಚ್ಚು ಕಡಿಮೆ ಇಲ್ಲ, ಸಾಲಿನ ಧಾಟಿಯೂ ಏರುತ್ತಿತ್ತು. ನಾನು ಎಂ.ಎ. ಓದಿದವಳು, ಛಂದಸ್ಸಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಬೀಗುತ್ತಿದ್ದವಳು, ಪ್ರಾಸ ಬಿಟ್ಟಿದ್ದೆ. ಪ್ರಾಸ ಎಂಬ ಮಾತನ್ನೇ ಬಳಸದೆ ಅವಳು ಅದನ್ನು ಹಿಡಿದಿದ್ದಳು. "ಹೌದಲೇ, ಚೆಂದ ಐತಿ" ಎಂದೆ. ಆಗ ನನಗಾದದ್ದು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಪದ್ಯ ಹೀಗೆ ನಿಂತಿತು:

ಹೊಳೆಯ ದಂಡಿ ಹಸುರು ಗದ್ದಿ
ಬೆಳೆದ ನೆಲ್ಲು ಚಿನ್ನದಂಗ
ಅಳುಕಲಾರೆ ದಾರಿ ಬಿಡ್ರಿ
ಒಳಗ ಬರುವೆ ಇಂಥವರ ಜೋಡಿ

ಮೂರರ ಚಪ್ಪಾಳೆಗೆ ಅದನ್ನು ಹೇಳುವುದು ನಾನೇ ಕಲಿಸಿದೆ. ತಕಿಟ ತಕಿಟ ತಕಿಟ ತಕಿಟ. ಪ್ರತಿ ಮಾತಿನ ತಲೆಯ ಮೇಲೆ ಒಂದು ಪೆಟ್ಟು. "ನಾವು ಹಿಂಗ ಹೊಡೀತೀವಿ, ನೀನು ಹಿಂಗ ಹೇಳು, ಹೆದರಬ್ಯಾಡ" ಎಂದೆ. ನಾಲ್ಕು ಸಲ ಹೇಳಿದಳು, ನಾಲ್ಕು ಸಲವೂ ಎಲ್ಲೂ ತಪ್ಪಲಿಲ್ಲ.

ಮುಂದಿನದು ಸಿಟ್ಟಿನ ಭರದಲ್ಲಿ ಆಗಿಹೋಯಿತು ಎಂದು ಬರೆಯಬಹುದಿತ್ತು. ಹಾಗಾಗಿಲ್ಲ. ರಾರಾವಿಯಿಂದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಅವಳ ಕುಪ್ಪಸದ ಅಳತೆ ಇಟ್ಟುಕೊಂಡು, ಅದೇ ಪದ್ಯವನ್ನು ಮನಸ್ಸಿನಲ್ಲಿ ಹೇಳುತ್ತಾ ಮೊಣಕಾಲ ಮೇಲೆ ನಾಲ್ಕರ ಪೆಟ್ಟು ಹಾಕಿ ನೋಡಿದೆ. ತಕಧಿಮಿ ತಕಧಿಮಿ. ಮೊದಲ ಪೆಟ್ಟು 'ಹೊಳೆಯ' ಮೇಲೆ ಸರಿಯಾಗಿ ಬಿತ್ತು. ಎರಡನೆಯದು 'ದಂಡಿ'ಯ ಹೊಟ್ಟೆಯಲ್ಲಿ ಬಿತ್ತು, ಮೂರನೆಯದು 'ಹಸುರು' ಮಾತಿನ ಬಾಲದ ಮೇಲೆ. ನಾನೇ ಎರಡನೇ ಸಾಲಿಗೆ ಎಡವಿದೆ. ಸಿರುಗುಪ್ಪ ಬರುವವರೆಗೂ ಅದನ್ನು ಹಾಕಿ ಹಾಕಿ ನೋಡಿದೆ.

ಮದುವೆಯಾಗಿ ಹೆಣ್ಣು ಮನೆ ತುಂಬಲು ಬಂದಳು. ಅಂಗಳದ ತುಂಬ ಜನ. ಬಾಗಿಲಲ್ಲಿ ನಾದಿನಿಯರು ಅಡ್ಡ ನಿಂತರು, ನಾನು ಅವರ ನಡುವೆ. ಅವಳು ನನ್ನನ್ನು ನೋಡಿ ಸ್ವಲ್ಪ ನಕ್ಕಳು. ಗುರುತಿನವರು ಒಬ್ಬರಾದರೂ ಇದ್ದಾರಲ್ಲ ಎಂಬ ನಗು ಅದು. ನಾನು ಕೈ ಎತ್ತಿ ನಾಲ್ಕರ ಚಪ್ಪಾಳೆ ಹಾಕಿದೆ, ಉಳಿದವರು ಹಿಂದಿನಿಂದ ಸೇರಿಕೊಂಡರು.

ಅವಳು ಶುರು ಮಾಡಿದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಕಣ್ಣು ಅಗಲವಾಯಿತು. ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿದಳು. ನಾನು ಚಪ್ಪಾಳೆಯನ್ನು ಸ್ವಲ್ಪ ಚುರುಕು ಮಾಡಿದೆ. 'ಬೆಳೆದ ನೆಲ್ಲು' ಎಂಬಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದವು. ಮೂರನೇ ಸಲಕ್ಕೆ 'ಅಳುಕಲಾರೆ' ಎಂದು ಎತ್ತಿಕೊಂಡು ಅಲ್ಲೇ ನಿಂತಳು. ಯಾರೋ ಕಿಸಕ್ಕೆಂದರು, ಆಮೇಲೆ ಅಂಗಳವೇ ನಕ್ಕಿತು. ಅವಳ ತಂದೆ ನೆಲ ನೋಡುತ್ತಾ ನಿಂತಿದ್ದರು. ಚಪ್ಪಾಳೆ ನಿಲ್ಲಲಿಲ್ಲ, ಏಕೆಂದರೆ ನಾನು ನಿಲ್ಲಿಸಲಿಲ್ಲ. ಕೊನೆಗೆ ಅವಳು ಪದ್ಯವನ್ನು ಕೈಬಿಟ್ಟು, ಬರೇ ಹೆಸರು ಹೇಳಿಬಿಟ್ಟಳು. ಪದ್ಯವಿಲ್ಲ, ಪ್ರಾಸವಿಲ್ಲ, ಗಂಡನ ಹೆಸರು ಬಾಗಿಲಲ್ಲಿ ಹಾಗೇ ಬಿತ್ತು. ನಗು ಥಟ್ಟನೆ ನಿಂತಿತು.

"ಬಾಗಿಲದಾಗ ನಿಂತು ಬರೇ ಹೆಸರು ಹಿಡದಳಲ್ಲ" ಎಂದು ಅತ್ತೆ ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ಮಗನಿಗೆ ದೃಷ್ಟಿಯ ಇಳಿ ತೆಗೆದರು. ಸೊಸೆಗೆ ತೆಗೆಯಲಿಲ್ಲ.

ಆ ಸಂಜೆ ನಮ್ಮವರು ಒಂದು ಮಾತು ಕೇಳಿದರು. "ಆ ಹುಡುಗಿ ಹೇಳೂದು ಸರಿ ಇತ್ತು ಅನ್ನಸ್ತೈತಿ ನನಗ. ಚಪ್ಪಾಳಿ ಏನರ ತಪ್ಪಿತ್ತೇನು?"

"ನಿಮಗೇನು ತಿಳೀತೈತಿ ತಾಳ" ಎಂದೆ. ಅವರು ಮತ್ತೆ ಕೇಳಲಿಲ್ಲ. ಬಿಟ್ಟದ್ದನ್ನು ಮತ್ತೆ ಎತ್ತುವ ಸ್ವಭಾವ ಅವರದಲ್ಲ, ಅದು ನನಗೆ ಗೊತ್ತಿತ್ತು.

ಅವಳಿಗೆ ಮನೆಯಲ್ಲಿ 'ತಾಳ ತಪ್ಪಿದಾಕಿ' ಎಂದು ಹೆಸರು ಬಿತ್ತು. ಮೊದಲು ತಮಾಷೆಗೆ, ಆಮೇಲೆ ರೂಢಿಗೆ. ಮೈದುನನಿಗೆ ಜ್ವರ ಬಂದರೆ ಅತ್ತೆ ಅವಳ ಮುಖ ನೋಡುತ್ತಿದ್ದರು. ಕುಬಸ, ತೊಟ್ಟಿಲು ಎಂದರೆ ಯಾರಾದರೂ "ತಾಳ ತಪ್ಪಿದಾಕಿನ್ನ ಕರೀರಿ, ಸ್ವಲ್ಪ ನಗೂನು" ಎನ್ನುತ್ತಿದ್ದರು, ನಾನು ಕೈ ಎತ್ತಿ ತಕಧಿಮಿ ಹಾಕುತ್ತಿದ್ದೆ. ಅವಳು ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಒಮ್ಮೆಯೂ ಎದುರಾಡಲಿಲ್ಲ. ಅವಳಿಗೆ ಗೊತ್ತಾಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಹತ್ತನೇ ಇಯತ್ತೆಯ ಹುಡುಗಿಗೆ ಮೂರು ಯಾವುದು ನಾಲ್ಕು ಯಾವುದು ಎಲ್ಲಿ ತಿಳಿಯಬೇಕು ಎಂದುಕೊಂಡಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ, ಬೇಸಿಗೆ ರಜೆಗೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋದಾಗ, ಬಾಗಿಲು ಮುಂದೆ ಮಾಡಿದ ಕೋಣೆಯೊಳಗೆ ಅವಳು ಮಗಳನ್ನು ಮಲಗಿಸುತ್ತಿದ್ದಳು. ತೆಲುಗೂ ಅಲ್ಲದ ಕನ್ನಡವೂ ಅಲ್ಲದ ತನ್ನದೇ ಜೋಗುಳ, ಆ ಗಳಿಗೆಗೆ ಕಟ್ಟಿದ್ದು. ತೊಟ್ಟಿಲ ಹಗ್ಗ ಐದರ ನಡೆಯಲ್ಲಿ ಕಿರುಗುಟ್ಟುತ್ತಿತ್ತು, ಅವಳು ಅದಕ್ಕೆ ಮೂರನ್ನೂ ಎರಡನ್ನೂ ಜೋಡಿಸಿ ಹಾಡುತ್ತಿದ್ದಳು. ಐದರ ನಡೆ ಹಿಡಿಯಲು ನಾನು ಮಕ್ಕಳಿಗೆ ಒಂದು ವರ್ಷ ಕಲಿಸಿದರೂ ನಾಲ್ಕು ಜನಕ್ಕೆ ಬರುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಪೂರಾ ಕೇಳಿದೆ. ಒಳಗೆ ಹೋಗಿ ಚೆಂದ ಹಾಡುತ್ತೀ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಒಳಗೆ ಹೋಗಲಿಲ್ಲ. ಬಾವಿಕಟ್ಟೆಗೆ ಹೋಗಿ ಕಾಲು ತೊಳೆದುಕೊಂಡು ಬಂದೆ.

ಅದೇ ವರ್ಷ ಶ್ರಾವಣದಲ್ಲಿ ಓಣಿಯ ಹೆಂಗಸರು ಭಜನೆಯ ಮೇಳ ಕಟ್ಟಿದರು. ಅವಳಿಗೆ ಸೇರುವ ಆಸೆ. ಅವಳು ಬಾಯಿಬಿಟ್ಟು ಆಸೆ ಪಟ್ಟದ್ದು ನನಗೆ ಗೊತ್ತಿರುವಂತೆ ಅದೊಂದನ್ನೇ. ಅತ್ತೆ ನನಗೆ ಫೋನು ಮಾಡಿದರು.

"ನೀನು ತಿಳದಾಕಿ, ನೀನ ಹೇಳು. ಇಕಿನ್ನ ಭಜನಿಗಿ ಕಳಸಾಮೇನು? ಹೋಗಾಕ ಬಾಳ ಆಸಿ ಮಾಡ್ಯಾಳ."

ಆ ಕಡೆ ಅವಳು ಅತ್ತೆಯ ಪಕ್ಕದಲ್ಲೇ ನಿಂತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಬಳೆ ಸದ್ದು ಕೇಳುತ್ತಿತ್ತು.

"ತಾಳ ಇಲ್ರಿ ಆಕಿಗಿ" ಎಂದೆ. "ನಾಲ್ಕು ಮಂದ್ಯಾಗ ಮತ್ತ ಮರ್ಯಾದಿ ಹೋಗ್ತೈತಿ."

ಅಷ್ಟಕ್ಕೇ ಮುಗಿಯಿತು. ಅವಳು ಭಜನೆಗೆ ಹೋಗಲಿಲ್ಲ, ಮತ್ತೆ ಕೇಳಲೂ ಇಲ್ಲ. ಅತ್ತೆ ಇರುವವರೆಗೂ, ಅತ್ತೆ ಹೋದ ಮೇಲೂ, ನಾಲ್ಕು ಜನರ ನಡುವೆ ಅವಳು ಬಾಯಿ ತೆರೆದದ್ದನ್ನು ಯಾರೂ ಕಾಣಲಿಲ್ಲ.

ಮೂರು ವರ್ಷದ ಹಿಂದೆ ನಮ್ಮವರು ಹೋದರು. ಬೆಳಗ್ಗೆ ಚಹಾ ಕುಡಿದು ಪೇಪರು ಓದುತ್ತಿದ್ದವರು, ನಾನು ಒಳಗಿನಿಂದ ಬರುವಷ್ಟರಲ್ಲಿ ಇರಲಿಲ್ಲ. ಬರೇ ಹೆಸರು ಹಿಡಿದವಳ ಗಂಡ ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾನೆ, ಗದ್ದೆಗೆ ಬೈಕಿನಲ್ಲಿ ಓಡಾಡುತ್ತಾನೆ. ಪ್ರಾಸ ಹಾಕಿ, ಮಾತ್ರೆ ಎಣಿಸಿ, ನೂರಾರು ಸಲ ಹೆಸರು ಹೇಳಿದವಳು ನಾನು, ನನ್ನ ಗಂಡ ಹೋದರು. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿಕೊಂಡರೆ ನಗುತ್ತಾರೆ ಎಂದು ಗೊತ್ತು, ಅವರ ಜಾಗದಲ್ಲಿ ನಾನಿದ್ದರೆ ನಗುತ್ತಿದ್ದೆ.

ಗಂಡ ಸತ್ತವಳನ್ನು ಯಾರೂ ಒಡಪು ಹೇಳು ಎಂದು ಕರೆಯುವುದಿಲ್ಲ. ಬೇಡ ಎಂದು ಯಾರೂ ಹೇಳುವುದೂ ಇಲ್ಲ. ವಾಟ್ಸಾಪಿನಲ್ಲಿ ಮಾತ್ರ ಈಗಲೂ ಬರುತ್ತಾರೆ: ಆಂಟಿ, ಒಂದು ಒಡಪು ಬರೆದುಕೊಡಿ, ವೀಡಿಯೋ ಮಾಡಬೇಕು. ಬರೆದುಕೊಡುತ್ತೇನೆ. ನನ್ನ ಪದ್ಯ ಬೇಕು, ನನ್ನ ಬಾಯಿ ಬೇಡ.

ಹೋದ ವರ್ಷ ಓರಗಿತ್ತಿಯ ಮಗಳ ಕುಬಸ ಇತ್ತು. ಆ ತೊಟ್ಟಿಲಲ್ಲಿ ಐದರ ನಡೆಗೆ ಮಲಗಿದ ಹುಡುಗಿಯೇ ಈಗ ಬಸುರಿ. ನಾನು ಸಿರುಗುಪ್ಪಕ್ಕೆ ಹೋದೆ. ಪಡಸಾಲೆಯಲ್ಲಿ ಹುಡುಗಿಯನ್ನು ಕೂರಿಸಿ ಹಸಿರು ಬಳೆ ತೊಡಿಸಿದ್ದರು, ಸುತ್ತ ಮೂವತ್ತು ಹೆಂಗಸರು. ನಾನು ಹಿಂದೆ ಗೋಡೆಗೆ ಒರಗಿ ಕೂತೆ. ನನ್ನನ್ನು ಯಾರೂ ಹಿಂದೆ ಕೂರು ಅನ್ನಲಿಲ್ಲ, ಕಾಲು ತಾನೇ ಹೋಯಿತು. ಅತ್ತೆ ಇಲ್ಲದ ಮನೆಯಲ್ಲಿ ಈಗ ಅವಳೇ ಹಿರಿಯ ಮುತ್ತೈದೆ, ಹಾಗಾಗಿ ಚಪ್ಪಾಳೆ ಅವಳ ಕೈಗೆ ಹೋಗಿತ್ತು. ಅವಳು ಚಪ್ಪಾಳೆ ಹಾಕುವುದನ್ನು ನಾನು ನೋಡಿದ್ದು ಅದೇ ಮೊದಲು. ಯಾವ ಹೆಂಗಸು ಎದ್ದರೂ ಅವಳ ಬಾಯಿಂದ ಮೊದಲ ಮಾತು ಹೊರಡುವುದನ್ನು ಕೇಳಿ, ಆ ಪದ್ಯ ಮೂರರದೋ ನಾಲ್ಕರದೋ ಗುರುತಿಸಿ, ಅದಕ್ಕೆ ತಕ್ಕಂತೆ ಪೆಟ್ಟು ಹಾಕುತ್ತಿದ್ದಳು. ಎಡವಿದವಳಿಗಾಗಿ ಒಂದು ಪೆಟ್ಟು ಕಾಯುತ್ತಿದ್ದಳು. ಅವತ್ತು ಅಲ್ಲಿ ಯಾರೂ ನಗೆಪಾಟಲಾಗಲಿಲ್ಲ.

ಎಲ್ಲರದೂ ಮುಗಿಯಿತು. ಆರತಿ ತಟ್ಟೆ ಎತ್ತುವಾಗ ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾರ, ನೀವು ಹೇಳ್ರಿ."

ಯಾರೋ ಹಿರಿಯ ಹೆಂಗಸು "ಏ, ಅವರಿಗೆಲ್ಲಿ ಹೇಳಸ್ತೀ, ಬಿಡವ್ವ" ಎಂದರು.

"ಯಾಕ್ರಿ" ಎಂದಳು ಅವಳು. "ಈ ಮನ್ಯಾಗ ಅಕ್ಕಾರ ಹೇಳಲಾರದ ಒಡಪು ಯಾವಾಗರ ಮುಗದೈತೇನ್ರಿ? ಹೇಳ್ರಿ ಅಕ್ಕಾರ. ನಿಮ್ಮ ಕೋಟಿ ಮ್ಯಾಲಿಂದು."

ಏಳಬಾರದಿತ್ತು. ಒಲ್ಲೆ ಎಂದಿದ್ದರೆ ಎಲ್ಲರೂ ಸರಿ ಎನ್ನುತ್ತಿದ್ದರು. ಆದರೆ ಎರಡು ವರ್ಷದಿಂದ ಒಬ್ಬರೂ ನನ್ನನ್ನು ಹೇಳು ಎಂದಿರಲಿಲ್ಲ, ನನಗೆ ಹೇಳುವ ಆಸೆ ಇತ್ತು. ಗೋಡೆ ಹಿಡಿದು ಎದ್ದೆ. ಅವಳು ಚಪ್ಪಾಳೆ ಹಾಕಿದಳು. ಮೂರರದು. ತಕಿಟ ತಕಿಟ. ರಾರಾವಿಯಲ್ಲಿ ನಾನು ಅವಳಿಗೆ ಕಲಿಸಿದ ಅದೇ ನಡೆ, ಅದೇ ವೇಗ.

ಕೋಟಿ ಮ್ಯಾಲ ಬಿಸಿಲ ನೋಡ್ರಿ. ಸರಿಯಾಗಿ ಬಂತು. ಪ್ಯಾಟಿ ತುಂಬ ಧೂಳು ನೋಡ್ರಿ. ಸಾಟಿಯಿಲ್ಲ ನನ್ನ ಮನಿಗಿ. ದನಿ ಗಟ್ಟಿಯಾಯಿತು, ಹುಡುಗಿಯರು ಫೋನು ಎತ್ತಿ ಹಿಡಿದರು. ಮಾಟವಾಗಿ ಎಂದೆ, ಮುಂದೆ ನೋಡಿದೆ. ಹೆಸರು ಇತ್ತು, ಅದರ ಹಿಂದೆ 'ಇರಲು' ಎಂಬ ಮಾತಿತ್ತು. ಎಲ್ಲಿ ಇರಲು? ಅದರ ಜಾಗಕ್ಕೆ ಬೇರೆ ಯಾವುದಾದರೂ ಮೂರು ಮಾತ್ರೆ ಇಡಬೇಕು. ಮೂವತ್ತು ವರ್ಷ ಊರಿಗೆಲ್ಲ ಮಾತ್ರೆ ಹಂಚಿದವಳಿಗೆ ಮೂರು ಮಾತ್ರೆ ಸಿಗಲಿಲ್ಲ. ಒಂದು ಪೆಟ್ಟು ಖಾಲಿ ಹೋಯಿತು. ಅವಳು ಕಾದಳು. ಇನ್ನೊಂದು ಹೋಯಿತು. ಅವಳು ಚಪ್ಪಾಳೆ ನಿಲ್ಲಿಸಲಿಲ್ಲ, ಜೋರು ಮಾಡಲಿಲ್ಲ, ನನ್ನ ಮುಖ ನೋಡುತ್ತಾ ಒಂದೇ ಸಮ ಹಾಕುತ್ತಿದ್ದಳು. ಉಳಿದವರೆಲ್ಲ ಕೈ ನಿಲ್ಲಿಸಿದ್ದರು, ಅವಳ ಎರಡು ಕೈಯ ಸದ್ದು ಮಾತ್ರ ಇತ್ತು.

ನನ್ನ ಬಾಯಿಂದ ಹೆಸರು ಬಂತು. ಬರೇ ಹೆಸರು, ಪೆಟ್ಟಿಗೂ ಸಿಗದೆ, ಎರಡು ಪೆಟ್ಟಿನ ನಡುವೆ ಎಲ್ಲೋ ಬಿತ್ತು. ಮದುವೆಯಾದ ಮೇಲೆ ಅವರ ಹೆಸರನ್ನು ನಾನು ಹಾಗೆ ಹಿಡಿದು ಹೇಳಿದ್ದು ಅದೊಂದೇ ಸಲ. ನನಗೆ ಅಳು ಬಂತು, ಅಷ್ಟೂ ಹೆಂಗಸರ ಮುಂದೆಯೇ ಅತ್ತುಬಿಟ್ಟೆ.

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಚಪ್ಪಾಳೆ ನಿಲ್ಲಿಸಿ, ಹತ್ತಿರ ಬಂದು, ನನ್ನ ಸೆರಗಿನಿಂದಲೇ ನನ್ನ ಕಣ್ಣು ಒರೆಸಿದಳು. ನೋಡಿದವರಿಗೆ ಸಮಾಧಾನ ಮಾಡಿದ ಹಾಗೆಯೇ ಕಂಡಿರಬೇಕು. ಆಮೇಲೆ ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ, ಕುಪ್ಪಸದ ಅಳತೆ ಕೊಟ್ಟ ದಿನ ಮಾತಾಡಿದಷ್ಟೇ ಮೆತ್ತಗೆ ಕೇಳಿದಳು.

"ನಾನು ಚಪ್ಪಾಳಿ ಸರಿ ಹೊಡದಿದ್ದೆನಲ್ರಿ ಅಕ್ಕಾರ?"

ಹೂಂ ಎಂದೆ. ಅವಳು ಆರತಿ ತಟ್ಟೆ ತೆಗೆದುಕೊಂಡು ಮಗಳ ಹತ್ತಿರ ಹೋದಳು.